ರೆಕ್ಸಿನ್ ಸೋಫಾ, ಮೂಲೆ ಮುಚ್ಚದ ಕೌದಿ

ಅಕ್ಕನ ಮಗಳು ವಿದ್ಯಾ ಬೆಳಗಾವಿಯಲ್ಲಿ ಹೊಸ ಫ್ಲ್ಯಾಟ್ ಕೊಂಡು, ಒಳಗೆಲ್ಲ ಇಂಟೀರಿಯರ್ ಮಾಡಿಸಿ, 'ಮಾವಶಿ, ಒಮ್ಮೆರ ಬಂದು ನೋಡಿ ಹೋಗ' ಎಂದು ಫೋನಿನಲ್ಲಿ ಜೀವ ತಿನ್ನುತ್ತಿದ್ದಳು. ಹೋದ ವಾರ ಹೋದೆ. ಬಾಗಿಲು ತೆರೆದದ್ದೇ ತಡ, ಒಂದು ವಾಸನೆ ಮೂಗಿಗೆ ಬಡಿಯಿತು. ಹೊಸ ಅಂಟು, ಹೊಸ ಫೋಮು, ತೊಗಲಿನಂತೆ ಕಾಣುವ ಆದರೆ ತೊಗಲಲ್ಲದ ಬಟ್ಟೆ. ಹೊರಗೆ ಬೆಳಗಾವಿಯ ಮಳೆ ಎಂದಿನಂತೆ ಹಿಡಿದದ್ದು ಬಿಟ್ಟಿರಲಿಲ್ಲ. ಮಳೆಯೂ ಆ ವಾಸನೆಯೂ ಸೇರಿದ್ದೇ, ಕೊಡೆ ಮಡಚುವುದನ್ನು ಮರೆತು ಬಾಗಿಲಲ್ಲೇ ನಿಂತುಬಿಟ್ಟೆ.

'ಒಳಗ ಬಾ ಮಾವಶಿ, ನೀರ ಸೋರಾಕತ್ತಾವು' ಎಂದಳು ವಿದ್ಯಾ. ಹೊಸ ನೆಲದ ಮೇಲೆ ನೀರು ಬೀಳುವುದು ಅವಳಿಗೆ ಜೀವಕ್ಕೆ ಬಂದಿತ್ತು.

ಮನೆ ಚೆಂದವಿತ್ತು, ಸುಳ್ಳೇಕೆ ಹೇಳಲಿ. ಆದರೆ ನನ್ನಂಥ ಹಳೆಯ ತಲೆಗೆ ಯಾವುದು ಕಪಾಟು ಯಾವುದು ಗೋಡೆ ಎಂದೇ ತಿಳಿಯುವುದಿಲ್ಲ. ಯಾವುದಕ್ಕೂ ಹಿಡಿಕೆಯಿಲ್ಲ. ಒತ್ತಿದರೆ ತೆರೆಯುತ್ತದೆಯಂತೆ. ನಾನು ಒತ್ತಿದ್ದು ನಿಜವಾದ ಗೋಡೆಯನ್ನು. ಚಾವಣಿಯ ಕೆಳಗೆ ಇನ್ನೊಂದು ಸುಳ್ಳು ಚಾವಣಿ, ಅದರೊಳಗೆ ಅಡಗಿಸಿಟ್ಟ ದೀಪ. 'ದೀಪ ಹಚ್ಚೂದು ಕಾಣಾಕ, ಅದನ್ನ ಮುಚ್ಚಿ ಯಾಕ ಇಟ್ಟೀಯವ್ವಾ?' ಎಂದೆ. ಹುಡುಗಿ ನಕ್ಕಳು. ಆಮೇಲೆ ನನ್ನ ಭುಜ ಹಿಡಿದು ಹಾಲಿನ ದೊಡ್ಡ ಗೋಡೆಯ ಕಡೆ ತಿರುಗಿಸಿದಳು. 'ಇದನ್ನ ನೋಡು. ಈಗ ಭಾರಿ ಟ್ರೆಂಡ್ ಐತಿ.'

ಗಾಜಿನ ಚೌಕಟ್ಟಿನೊಳಗೆ ಒಂದು ಕೌದಿ. ಹಳೆಯ ಬಟ್ಟೆಯ ತುಣುಕುಗಳನ್ನು ಜೋಡಿಸಿ ಕೈಯಿಂದ ಹೊಲಿದ, ನಮ್ಮ ಕಡೆ ಪ್ರತಿ ಮನೆಯಲ್ಲೂ ಹಾಸಿ ಹೊದೆಯುವ ಕೌದಿ. ಇದು ಅವ್ವ ಅಕ್ಕನಿಗೆಂದು ಹೊಲಿದದ್ದು. ಇಳಕಲ್ ಸೀರೆಯ ಕೆಂಪು ಸೆರಗು, ಅಪ್ಪನ ಆಫೀಸಿನ ಅಂಗಿಯ ನೀಲಿ ಪಟ್ಟೆ, ನನ್ನ ಲಂಗದ ಹಳದಿ ಹೂವು. ಮೂರು ಮೂಲೆಗಳಲ್ಲಿ ಹೊಲಿಗೆ ಸಣ್ಣಗೆ ಸಾಲಾಗಿದೆ. ನಾಲ್ಕನೆಯ ಮೂಲೆಯಲ್ಲಿ ಮಾತ್ರ ದೊಡ್ಡ ದೊಡ್ಡ, ಸೊಟ್ಟ ಸೊಟ್ಟ ಹೊಲಿಗೆ. ಆ ಮೂಲೆಯನ್ನು ಹೊಲಿದದ್ದು ಅವ್ವ ಅಲ್ಲ. ಅದು ಯಾರ ಕೈ, ಯಾವ ದಿನ, ಆ ದಿನ ನಮ್ಮ ಮನೆಯಲ್ಲಿ ಏನೇನಾಯಿತು ಎಲ್ಲವೂ ನನಗೆ ಗೊತ್ತು ಎಂದುಕೊಂಡಿದ್ದೆ.

ಆಗ ನಾವು ಶಿವಬಸವ ನಗರದಲ್ಲಿ ಹೊಸದಾಗಿ ಕಟ್ಟಿದ ಪುಟ್ಟ ಮನೆಯಲ್ಲಿದ್ದೆವು. ಎಂಬತ್ತರ ದಶಕ ಆಗಷ್ಟೇ ಕಾಲಿಟ್ಟಿತ್ತು, ನಾನು ಕಾಲೇಜಿಗೆ ಕಾಲಿಟ್ಟಿದ್ದೆ. ಅಪ್ಪ ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಹಾಲಿನ ನೆಲಕ್ಕೆ ಶಹಾಬಾದ್ ಕಲ್ಲಿನ ಫರಸಿ, ಅದರ ಮೇಲೆ ಒಂದು ಜಮಖಾನ, ಗೋಡೆಗೆ ಬಸವಣ್ಣನ ಫೋಟೋ. ಹತ್ತು ಜನ ಬಂದರೂ ಇಪ್ಪತ್ತು ಜನ ಬಂದರೂ ಸರಿದು ಕೂತರೆ ಜಾಗ ಆಗುತ್ತಿತ್ತು. ಮಧ್ಯಾಹ್ನ ಅಲ್ಲೇ ಅವ್ವ ಜೋಳ ಹಸನು ಮಾಡುತ್ತಿದ್ದಳು, ಸಂಜೆ ಅಲ್ಲೇ ನನ್ನ ಓದು.

ಅಕ್ಕ ಕಮಲಾ ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಕನ್ಯಾ ನೋಡಲು ಮಂದಿ ಬರುತ್ತಿದ್ದರು, ಉಪ್ಪಿಟ್ಟು ತಿನ್ನುತ್ತಿದ್ದರು, 'ತಿಳಿಸ್ತೀವಿ' ಎಂದು ಹೋಗುತ್ತಿದ್ದರು. ಆ ವರ್ಷ ಬೇಸಿಗೆಯ ಕೊನೆಗೆ ಹುಬ್ಬಳ್ಳಿಯಿಂದ ಬಂದವರಂತೂ ಬಿಗಿ ಪ್ಯಾಂಟು ಹಾಕಿಕೊಂಡು ಬಂದು, ಜಮಖಾನದ ಮೇಲೆ ಕಾಲು ಮಡಚಲಾಗದೆ ಒದ್ದಾಡಿದರು. ವಾರ ಕಳೆದು ಆ ಸಂಬಂಧ ತಂದಿದ್ದ ದೂರದ ಮಾವ ಬಂದು ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡ. ನಾನೂ ಅಕ್ಕನೂ ಕಿಟಕಿಯ ಒಳಗಿದ್ದೆವು.

'ಏನ್ ಹೇಳಲ್ರಿ, ಹುಡುಗಿ ಬಣ್ಣ ಕಡಿಮಿ ಆತು ಅಂದ್ರು. ಮತ್ತ ಮನಿನೂ ಹಳೇ ನಮೂನಿ, ಕುಂದ್ರಾಕ ಒಂದು ಕುರ್ಚಿ ಸೈತ ಇಲ್ಲ ಅಂದ್ರು.'

ಅಪ್ಪ ಅವನನ್ನು ಓಣಿಯ ತುದಿಯ ತನಕ ಕಳಿಸಿದ. ಆಮೇಲೆ ಒಳಗೆ ಬಂದು ಅವ್ವನಿಗೆ ಹೇಳಿದ್ದು ಎರಡನೆಯ ಮಾತನ್ನು ಮಾತ್ರ. 'ಮನಿ ಹಳೇ ನಮೂನಿ ಐತಂತ. ಕುರ್ಚಿ ಇಲ್ಲಂತ. ಅದಕ್ಕ ಬ್ಯಾಡ ಅಂದಾರ.' ಅಕ್ಕ ನನ್ನ ಕೈ ಹಿಡಿದಿದ್ದಳು, ಬಿಟ್ಟಳು. ಅವತ್ತಿನಿಂದ ಹೊರಗಿನವರು ಯಾರೇ ಬಂದರೂ ಅವಳು ಹಾಲಿಗೆ ಬರುವುದನ್ನು ನಿಲ್ಲಿಸಿದಳು. ಗಿಣಿಯಂತೆ ಮಾತಾಡುತ್ತಿದ್ದವಳು ಕರೆದರೆ ಮಾತ್ರ ಓಗೊಡತೊಡಗಿದಳು.

ಅಪ್ಪನಿಗೆ ಹುಚ್ಚು ಹಿಡಿಯಿತು. ಹುಚ್ಚು ಎಂದೇ ಅವ್ವ ಕರೆಯುತ್ತಿದ್ದಳು. ಕ್ಯಾಂಪ್ ಬಡಾವಣೆಯಲ್ಲಿದ್ದ ಅವನ ಕಚೇರಿಯ ಸಾಹೇಬರ ಮನೆಯ ಡ್ರಾಯಿಂಗ್ ರೂಮು ಅಪ್ಪನ ಕಣ್ಣಲ್ಲಿ ಕೂತುಬಿಟ್ಟಿತು. ಮೊದಲು ಬಂದದ್ದು ದೊಡ್ಡ ಹೂವಿನ ಪರದೆ. ಆಮೇಲೆ ಗೋಡೆಯ ಗೂಡಿಗೆ ಗಾಜು ಹಾಕಿ ಷೋಕೇಸು. ಅದರೊಳಗೆ ತಲೆ ಅಲ್ಲಾಡಿಸುವ ಗೊಂಬೆ, ಪ್ಲಾಸ್ಟಿಕ್ ಗುಲಾಬಿ, ಯಾರೂ ಚಹಾ ಕುಡಿಯಬಾರದ ಕಪ್-ಬಸಿಗಳು. ಆಮೇಲೆ ಸನ್ಮೈಕಾ ಹಚ್ಚಿದ ಟೀಪಾಯಿ. ಗೋಡೆಯ ಮೇಲಿದ್ದ ಸಾಲು ಕ್ಯಾಲೆಂಡರುಗಳು ಕೆಳಗಿಳಿದವು.

'ಬಸವಣ್ಣ ಫ್ಯಾಶನ್ ಆಗಂಗಿಲ್ಲಂತ ಅವನ್ನೂ ಇಳಸ್ತೀರೇನ್ ಮತ್ತ?' ಎಂದಳು ಅವ್ವ.

'ಅವ್ರು ಇರ್ಲಿ' ಎಂದ ಅಪ್ಪ, ಗಂಭೀರವಾಗಿಯೇ.

ಇನ್ನು ಸೋಫಾ. ಅಂಗಡಿಯದು ಬೇಡ, ಖಾನಾಪುರದ ಸಾಗವಾನಿಯಲ್ಲೇ ಮಾಡಿಸಬೇಕು ಎಂದು ಅಪ್ಪನ ಹಟ. ಜೂನ್ ಮಳೆ ಹಿಡಿದ ಮೇಲೆ ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಖಾನಾಪುರದ ಕಟ್ಟಿಗೆ ಅಡ್ಡೆಗೆ ಹೋದ. ಕೆಂಪು ಕೆಸರು ಮೊಣಕಾಲಿನವರೆಗೆ. ತೊಯ್ದ ಹೊಟ್ಟಿನ ವಾಸನೆ. ರಸ್ತೆಯ ಬದಿಗೆ ಕುಂಬಾರರು ಮಡಿಕೆಗಳನ್ನು ಹುಲ್ಲಿನಲ್ಲಿ ಸುತ್ತಿ ಮಳೆಯಿಂದ ಕಾಯುತ್ತಿದ್ದರು. ಅಡ್ಡೆಯವನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವ ಮನುಷ್ಯ. ಹಲಗೆಗಳನ್ನು ಬಡಿದು ಬಡಿದು ತೋರಿಸುತ್ತ, ಇದೆಲ್ಲ ಯಾವುದಕ್ಕೆ ಎಂದು ವಿಚಾರಿಸಿದ. ಅಪ್ಪ ಮಗಳ ಮದುವೆಯ ಮಾತು ತೆಗೆದ.

'ಅಹೋ, ಹುಡುಗ ಇಲ್ಲೇ ಅದಾನಲ್ರಿ! ಹೈಸ್ಕೂಲಿನಾಗ ಗಣಿತದ ಮಾಸ್ತರ. ನಿಮ್ಮ ಪೈಕಿನೇ. ಖರೇ ಹೇಳ್ತೀನಿ, ಬಂಗಾರದಂಥ ಮಂದಿ. ಆದ್ರ ಮನ್ಯಾಗ ಆಯಿ ಹೇಳಿದ್ದ ಆಗಬೇಕು ನೋಡ್ರಿ.'

ಆಯಿ ಎಂದರೆ ಆ ಕಡೆಯ ಮಾತಿನಲ್ಲಿ ಅಜ್ಜಿ. ಹೀಗೆ ಸೋಫಾದ ಕಟ್ಟಿಗೆಯೂ ಹುಡುಗನ ಸುದ್ದಿಯೂ ಒಂದೇ ಅಡ್ಡೆಯಿಂದ ಬಂದವು. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಹುಡುಗನ ಬಗ್ಗೆ ಒಂದು ಮಾತಾಡಿದರೆ ಹಲಗೆಯ ಬಗ್ಗೆ ಎರಡು ಮಾತಾಡಿದ.

ಸೋಫಾಕ್ಕೆ ಮೈ ತುಂಬಿದವರು ಇಸ್ಮಾಯಿಲ್ ಚಾಚಾ. ಹಿಂದೆ ಪ್ರತಿ ವರ್ಷ ಬಿಲ್ಲು ಹೊತ್ತು ಬಂದು, ನಮ್ಮ ಅಂಗಳದಲ್ಲಿ ಹತ್ತಿ ಹಿಂಜಿ, ಗಾದಿ ಹೊಲಿದು ಕೊಟ್ಟು ಹೋಗುತ್ತಿದ್ದ ಮನುಷ್ಯ. ಈಗ ಬಿಲ್ಲು ಮೂಲೆಗೆ ಸೇರಿತ್ತು. ಗ್ಯಾರೇಜುಗಳಲ್ಲಿ ಲಾರಿ ಸೀಟಿಗೆ ರೆಕ್ಸಿನ್ ಹೊದಿಸಿ ಕೈ ಪಳಗಿಸಿಕೊಂಡಿದ್ದರು. 'ಈಗ ಯಾರಿಗ್ರೀ ಹತ್ತಿ ಬೇಕು, ಸಬ್ ಫೋಮೇ ಕೇಳ್ತಾರ' ಎನ್ನುತ್ತ ಬಾಯಿಯಲ್ಲಿ ಮೊಳೆ ಹಿಡಿದುಕೊಂಡು, ಕಂದು ಬಣ್ಣದ ರೆಕ್ಸಿನ್ ಎಳೆದು ಎಳೆದು ಬಡಿದರು. ಅವ್ವ ಒಮ್ಮೆ ಒತ್ತಿ ನೋಡಿ, 'ಚಾಚಾ, ಇದರ ಮ್ಯಾಲ ಕುಂತ್ರ ಪುಣೆಗೆ ಹೊಂಟ ಲಾರಿ ಹತ್ತಿದಂಗ ಆಗತೈತಲ್ರಿ' ಎಂದಳು. ಚಾಚಾ ಮೊಳೆ ಉಗುಳಿ ನಕ್ಕರು.

ಸೋಫಾ ಬಂತು, ಕೂರುವವರಿಲ್ಲ. ನೋಡಲು ಬರುವವರು ಬರುವ ದಿನದ ತನಕ ಪ್ಲಾಸ್ಟಿಕ್ ಹೊದಿಕೆ ತೆಗೆಯಬಾರದು, ಅವರು ಹೋಗುವ ತನಕ ಮನೆಯವರು ಯಾರೂ ಅದರ ಮೇಲೆ ಕೂರಬಾರದು ಎಂದು ಅಪ್ಪನ ಕಟ್ಟಪ್ಪಣೆ. ಬೆಳಗಾವಿಯ ಮಳೆಗಾಲದಲ್ಲಿ ಬಟ್ಟೆಯನ್ನೇ ಶೇಗಡಿಯ ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸಬೇಕು. ಇನ್ನು ಪ್ಲಾಸ್ಟಿಕ್ಕಿನೊಳಗಿನ ರೆಕ್ಸಿನ್ ಬೂಸ್ಟು ಹಿಡಿಯದೆ ಇರುತ್ತದೆಯೇ? ಅಪ್ಪ ದಿನಾ ಬೆಳಿಗ್ಗೆ ಪೂಜೆಗೆ ಮೊದಲು ಪ್ಲಾಸ್ಟಿಕ್ ಎತ್ತಿ ಅದನ್ನು ಒರೆಸಿ ಮತ್ತೆ ಹೊದಿಸುತ್ತಿದ್ದ. ಸೋಫಾ, ಟೀಪಾಯಿ, ಎರಡು ಒಂಟಿ ಕುರ್ಚಿ ಬಂದ ಮೇಲೆ ಹಾಲಿನಲ್ಲಿ ಕಾಲಿಡಲು ಉಳಿದದ್ದು ಒಂದು ಓಣಿಯಷ್ಟು ಜಾಗ. ಜಮಖಾನ ಮಡಚಿ ಅಟ್ಟಕ್ಕೆ ಹೋಯಿತು. ಅವ್ವನ ಜೋಳ ಅಡುಗೆಮನೆಗೆ, ನನ್ನ ಪುಸ್ತಕ ಹಿತ್ತಲ ಪಡಸಾಲೆಗೆ. ನನಗೆ ರೋಷ ಉಕ್ಕುತ್ತಿತ್ತು. ನಮ್ಮ ಮನೆಯಲ್ಲಿ ನಮಗೇ ಕೂರಲು ಜಾಗವಿಲ್ಲವೆಂದರೆ ಏನರ್ಥ?

ಅಕ್ಕನ ಹತ್ತಿರ ಜಗಳ ತೆಗೆದೆ. 'ನೀನರ ಅಪ್ಪಗ ಹೇಳಬಾರದೇನ? ಅವರು ಬ್ಯಾಡ ಅಂದಿದ್ದು ಕುರ್ಚಿ ಸಲುವಾಗಿ ಅಲ್ಲ ಅಂತ ನಿನಗ ಗೊತ್ತೈತಿ.'

ಅಕ್ಕ ಪರದೆಗೆ ಕಾಜು ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ. 'ಅಪ್ಪಗೂ ಗೊತ್ತೈತಿ. ನನ್ನ ಬಣ್ಣ ತಿದ್ದಾಕ ಬರಂಗಿಲ್ಲ, ಮನಿ ಬಣ್ಣ ತಿದ್ದಾಕತ್ಯಾನ. ಏನರ ಒಂದು ಮಾಡಬೇಕಲ್ಲ ಆ ಜೀವಕ್ಕ. ಮಾಡ್ಲಿ ಬಿಡ.'

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ.

ಕೌದಿಯ ಮಾತು ಹೇಳಬೇಕು. ಅಕ್ಕ ಮ್ಯಾಟ್ರಿಕ್ ಪಾಸಾದ ವರ್ಷ ಅವ್ವ ಅವಳಿಗೆಂದು ಒಂದು ಕೌದಿ ಹೊಲಿಯಲು ಹಿಡಿದಿದ್ದಳು. ಕೌದಿ ಮುಗಿಸುವಾಗ ಕೊನೆಯ ಮೂಲೆಯೊಳಗೆ ಒಂದು ತುಣುಕು ಸಿಹಿ ಇಟ್ಟು ಹೊಲಿಯಬೇಕು, ಕೌದಿಯ ಹೊಟ್ಟೆ ಹಸಿದಿರಬಾರದು, ಅದನ್ನು ಹೊದ್ದವರ ಹೊಟ್ಟೆಯೂ ಹಸಿಯಬಾರದು ಎಂದು ನಮ್ಮಲ್ಲಿ ಪದ್ಧತಿ. ಅದರಲ್ಲೂ ಮಗಳ ಕೌದಿಯಾದರೆ, ನೆಂಟಸ್ತನ ಗಟ್ಟಿಯಾಗುವ ತನಕ ಆ ಮೂಲೆ ಮುಚ್ಚುವಂತಿಲ್ಲ. ಹೀಗಾಗಿ ಅಕ್ಕನ ಕೌದಿ ಎಲ್ಲಾ ಮುಗಿದು, ಒಂದು ಮೂಲೆ ಬಾಯಿ ತೆರೆದುಕೊಂಡು, ಸೂಜಿ ಚುಚ್ಚಿಕೊಂಡು ಕೂತಿತ್ತು. ಪ್ರತಿ ಸಲ ಮಂದಿ ಬಂದು ಹೋದಾಗಲೂ ಅವ್ವ ಅದನ್ನು ಬಿಚ್ಚಿ ನೋಡಿ ಮತ್ತೆ ಸುತ್ತಿಡುತ್ತಿದ್ದಳು. ಉಳಿದ ಕೌದಿಗಳನ್ನು ಅಪ್ಪ 'ಚಿಂದಿ' ಎಂದು ಅಟ್ಟಕ್ಕೆ ಏರಿಸಿದಾಗ ಇದೊಂದನ್ನು ಮಾತ್ರ ಅವ್ವ ಬಿಡದೆ ಅಡುಗೆಮನೆಯ ಜೋಳದ ಡಬ್ಬಿಯ ಮೇಲೆ ಇಟ್ಟುಕೊಂಡಳು.

ಖಾನಾಪುರದವರು ಶ್ರಾವಣದಲ್ಲಿ ಬಂದರು. ಮಳೆ ಧೋ ಎಂದು ಸುರಿಯುತ್ತಿತ್ತು. ಹುಡುಗ, ಅವನ ತಂದೆ, ತಾಯಿ, ಒಬ್ಬ ಕಾಕಾ, ಮತ್ತು ಆಯಿ. ಕಟ್ಟಿಗೆಯಂತೆ ಒಣಗಿದ ಮುದುಕಿ, ಹಸಿರು ಇಳಕಲ್ ಸೀರೆ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ. ಅಪ್ಪ ಅವತ್ತೇ ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದಿದ್ದ. ಗಂಡಸರು ಕೂತರು, ಸೋಫಾ ಉಸ್ ಎಂದಿತು. ಹುಡುಗನ ತಂದೆ ಕೈಯಾಡಿಸಿ, 'ಮಸ್ತ್ ಐತ್ರಿ' ಎಂದರು. ಅಷ್ಟೇ ಸಾಕಾಯಿತು ಅಪ್ಪನಿಗೆ, ಉಬ್ಬಿಹೋದ.

'ಅಸಲ್ ಲೆದರ್ ಬಾಜು ಇಟ್ರೂ ಫರಕ ಗೊತ್ತಾಗಂಗಿಲ್ರಿ. ಕೈ ಹಚ್ಚಿ ನೋಡ್ರಿ, ಥೇಟ್ ತೊಗಲ!'

ಕೂರಲೆಂದು ಬಗ್ಗಿದ್ದ ಆಯಿ ಹಾಗೇ ಎದ್ದು ನಿಂತರು. 'ತೊಗಲಂತ?'

ಅಡುಗೆಮನೆಯ ಬಾಗಿಲಲ್ಲಿ ಅವ್ವ ಹಣೆ ಚಚ್ಚಿಕೊಂಡಳು. ಕೊರಳಲ್ಲಿ ಲಿಂಗವಿದ್ದು, ಪೂಜೆ ಮುಗಿಸಿ ಬಂದ ಆ ಕಾಲದ ಮುದುಕಿ ತೊಗಲಿನ ಮೇಲೆ ಕೂರುವುದುಂಟೆ? ಅಪ್ಪ ಕೈ ಕೈ ಹಿಸುಕಿಕೊಂಡ. 'ಅಲ್ರಿ, ತೊಗಲಲ್ರಿ ಅದು, ರೆಕ್ಸಿನ್ ರೀ! ಬರೇ ತೊಗಲಿನಂಗ ಕಾಣತೈತಿ!'

'ತೊಗಲಿನಂಗ ಕಾಣತೈತಿ, ತೊಗಲಿನಂಗ ನಾರತೈತಿ, ತೊಗಲಲ್ಲ ಅಂತೀರಿ. ನಂಗ್ಯಾಕ ಬೇಕಪ್ಪ ಅದು. ನೆಲದ ಮ್ಯಾಲ ಕುಂದ್ರತೀನಿ' ಎಂದರು ಆಯಿ. ಸುತ್ತ ನೋಡಿದರು. 'ಆದ್ರ ನೆಲಾ ಎಲ್ಲೈತಿ?'

ನೆಲವಿರಲಿಲ್ಲ. ಟೀಪಾಯಿ, ಕುರ್ಚಿ, ಸೋಫಾದ ಕಾಲುಗಳ ನಡುವೆ ಮುದುಕಿ ಒಬ್ಬಳು ಕೂರುವಷ್ಟು ನೆಲ ನಮ್ಮ ಹಾಲಿನಲ್ಲಿ ಉಳಿದಿರಲಿಲ್ಲ. ಅಪ್ಪನ ಮುಖ ನೋಡಲಾಗದೆ ನಾನು ಷೋಕೇಸಿನ ಗೊಂಬೆಯ ಕಡೆ ನೋಡಿದೆ. ಅದು ಬೇರೆ ತಲೆ ಅಲ್ಲಾಡಿಸುತ್ತಿತ್ತು.

ಅಕ್ಕ ಉಪ್ಪಿಟ್ಟು, ಬೇಸನ್ ಉಂಡಿಯ ತಾಟು ಹಿಡಿದು ಬಾಗಿಲಿಗೆ ಬಂದದ್ದು ಆಗಲೇ. ತಲೆ ಬಗ್ಗಿಸಿ ನಡೆದು ಬರಬೇಕು, ತಾಟು ಇಟ್ಟು ನಮಸ್ಕಾರ ಮಾಡಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ಅದೆಲ್ಲ ಅವಳಿಗೆ ಬಾಯಿಪಾಠ. ಆದರೆ ನಿಂತೇ ಇದ್ದ ಮುದುಕಿಯನ್ನು ನೋಡಿದಳು. ತಾಟನ್ನು ಷೋಕೇಸಿನ ಅಂಚಿಗೆ ಇಟ್ಟಳು. ಸೀರೆಯ ಸೆರಗು ಸಿಕ್ಕಿಸಿ, ಟೀಪಾಯಿಯ ಒಂದು ಬದಿ ಹಿಡಿದು, ಹಿಂದೆ ನಾನಿದ್ದೇನೆ ಎಂದುಕೊಂಡು, 'ಆ ಬಾಜು ಹಿಡಿ, ನಿಂತು ನೋಡ್ತೀಯೇನ?' ಎಂದು ಗದರಿದಳು.

ಹಿಂದೆ ಇದ್ದದ್ದು ಗಣಿತದ ಮಾಸ್ತರ. ಪಾಪ, ತಟ್ಟನೆ ಎದ್ದು ಆ ಬಾಜು ಹಿಡಿದ. ಇಬ್ಬರೂ ಟೀಪಾಯಿ ಎತ್ತಿ ಗೋಡೆಗೆ ಇಟ್ಟ ಮೇಲೆಯೇ ಅಕ್ಕ ಮುಖ ನೋಡಿದ್ದು. ನಾಲಿಗೆ ಕಚ್ಚಿಕೊಂಡು ಒಳಗೆ ಓಡಿದಳು. ಓಡಿದವಳು ಬರಿಗೈಯಲ್ಲಿ ಬರಲಿಲ್ಲ. ಕೈಗೆ ಸಿಕ್ಕದ್ದು ಜೋಳದ ಡಬ್ಬಿಯ ಮೇಲಿನ ಕೌದಿ. ಅವ್ವ 'ಏ, ಅದಲ್ಲ' ಎನ್ನುವಷ್ಟರಲ್ಲಿ ಹಾಸಿಬಿಟ್ಟಿದ್ದಳು. 'ಕುಂದರ್ರಿ ಆಯಿ' ಎಂದಳು.

ಆಯಿ ಕೂತರು. ಕಾಲು ನೀಡಿದರು. ಅಂಗೈಯಿಂದ ಕೌದಿ ಸವರುತ್ತ ಹೋಗಿ ತೆರೆದ ಮೂಲೆಗೆ ಬಂದು, 'ಅಯ್ಯಯ್ಯ, ಸೂಜಿ ಬಿಟ್ಟೀರಲ್ಲವ್ವಾ!' ಎಂದು ಕೈ ಹಿಂದೆ ಎಳೆದರು. ಅವ್ವ ಬಾಗಿಲಿಂದಲೇ, 'ಮುಗಿದಿಲ್ರಿ ಅದು, ಇನ್ನ...' ಎಂದವಳು ಮಾತು ನುಂಗಿದಳು. ಆಯಿ ಅವ್ವನ ಮುಖ ನೋಡಿದರು, ಆಮೇಲೆ ಅಕ್ಕನ ಮುಖ ನೋಡಿದರು.

ಅಷ್ಟರಲ್ಲಿ ಗಂಡಸರ ಮಾತು ಮತ್ತೆ ಫೋಮು, ಸಾಗವಾನಿಯ ಕಡೆ ಹೊರಳಿತ್ತು. ಅಪ್ಪನ ದನಿಯಲ್ಲಿ ಜೀವವಿರಲಿಲ್ಲ. ಆಯಿ ಅಕ್ಕನನ್ನು ಹತ್ತಿರ ಕೂಡಿಸಿಕೊಂಡು, 'ನಂಗ ಕಣ್ಣ ಕಾಣಂಗಿಲ್ಲ, ದಾರ ಪೋಣಸು' ಎಂದರು. ಅಕ್ಕ ಪೋಣಿಸಿದಳು. ಮುದುಕಿ ಅವಳ ಕಿವಿಯ ಹತ್ತಿರ ಬಾಗಿ ಏನೋ ಅಂದರು. ಹಂಚಿನ ಮೇಲಿನ ಮಳೆಯ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಅಕ್ಕ ಹೂಂ ಎಂಬಂತೆ ತಲೆ ಆಡಿಸಿದ್ದು ಮಾತ್ರ ಕಂಡಿತು. ಆಗ ಆಯಿ, ಷೋಕೇಸಿನ ಅಂಚಿನಿಂದ ಅಕ್ಕ ಇಳಿಸಿಕೊಟ್ಟ ತಾಟಿನಿಂದ ಒಂದು ಉಂಡಿ ತೆಗೆದು, ಚಿವುಟಿ, ಅದನ್ನು ಕೌದಿಯ ಮೂಲೆಯೊಳಗೆ ತುರುಕಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ, ಹಲ್ಲಿನಿಂದ ದಾರ ಕಡಿದರು. ಉಳಿದ ಉಂಡಿಯನ್ನು ತಾವೇ ತಿಂದರು.

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಗಂಡಸರಿಗೆ ಒಂದೂ ತಿಳಿಯಲಿಲ್ಲ. 'ತಿಳಿಸ್ತೀವ್ರಿ' ಎಂದು ಎದ್ದು ಹೋದರು.

ಅವರು ಹೋದ ಮೇಲೆ ಅಪ್ಪ ಮೊದಲ ಸಲ ತನ್ನ ಸೋಫಾದ ಮೇಲೆ ಕೂತ. ಕೂತು, ಎರಡೂ ಕೈಯಿಂದ ತಲೆ ಹಿಡಿದುಕೊಂಡ. 'ನನ್ನ ಬಾಯಿಗೆ ಹುಳಾ ಬೀಳ್ಲಿ. ತೊಗಲಂತ ತೊಗಲ! ನಾನ ಕೆಡಸಿದ್ನೆ. ಇಷ್ಟೆಲ್ಲ ಮಾಡಿ ನಾನ ಕೆಡಸಿದ್ನೆ.'

ಅವ್ವ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. 'ಏನ್ ಮನಷ್ಯಾರೀ ನೀವು! ಕಣ್ಣ ಸೋಫಾದ ಮ್ಯಾಲ ಇಟ್ಟೀರೇನ? ಮುದುಕಿ ಮೂಲಿ ಮುಚ್ಚಿ ಹೋದ್ಲಲ್ರಿ!'

ಅಪ್ಪ ಕೌದಿಯ ಹತ್ತಿರ ಬಂದು ಮೊಣಕಾಲೂರಿ ಆ ಮೂಲೆ ಮುಟ್ಟಿ ನೋಡಿದ. ಒಳಗಿನ ಉಂಡಿ ಬೆರಳಿಗೆ ಸಿಕ್ಕಿತು. ಅವನು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ದೀಪಾವಳಿ ಕಳೆದು ಮದುವೆಯಾಯಿತು. ಸೋಫಾ ಕೊಡುತ್ತೇನೆ ಎಂದು ಅಪ್ಪ ಹಟ ಹಿಡಿದ. 'ನಮ್ಮ ಪಡಸಾಲ್ಯಾಗ ಅದನ್ನಿಟ್ರ ನಾವು ಅಂಗಳದಾಗ ಕುಂದ್ರಬೇಕಾಗತೈತಿ. ಕೌದಿ ಕೊಡ್ರಿ, ಸಾಕು' ಎಂದರು ಆಯಿ. ಹೀಗೆ ಸೋಫಾ ನಮಗೇ ಉಳಿಯಿತು. ಮುಂದಿನ ಬೇಸಿಗೆಗೆ ಅದರ ಗುಣ ಗೊತ್ತಾಯಿತು ನೋಡಿ: ರೆಕ್ಸಿನ್ ಬೆನ್ನಿಗೆ ಅಂಟುತ್ತದೆ, ಏಳುವಾಗ ಚರ್ ಎನ್ನುತ್ತದೆ. ಅಪ್ಪನೇ ಅಟ್ಟ ಹತ್ತಿ ಒಂದು ಚಿಂದಿ ಕೌದಿ ಇಳಿಸಿ ಅದರ ಮೇಲೆ ಹಾಸಿಕೊಂಡ. ಅವ್ವ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅಪ್ಪನಿಗೆ ಹೆಚ್ಚು ಚುಚ್ಚಿತು.

ವಿದ್ಯಾಳ ಹಾಲಿನಲ್ಲಿ ಹೀಗೆ ನಿಂತಿದ್ದಾಗ ಖಾನಾಪುರದಿಂದ ಅಕ್ಕ ಬಂದಳು. ಮೊಣಕಾಲು ನೋವು, ನಿಧಾನಕ್ಕೆ ನಡೆಯುತ್ತಾಳೆ. ಭಾವನವರು ಹಿಂದೆ ಛತ್ರಿ ಮಡಚುತ್ತ ಬಂದರು. ಅಕ್ಕ ಮಗಳ ಮನೆಯನ್ನೆಲ್ಲ ನೋಡಿ, 'ಛಲೋ ಆಗೇತಿ' ಎಂದಳು. ಗೋಡೆಯ ಮುಂದೆ ನಿಂತಳು.

'ಗಾಜಿನಾಗ ಯಾಕ ಹಾಕೀದಿ? ಉಸುರು ಕಟ್ಟತೈತಿ ಅದಕ್ಕ. ಇಳಸು.'

ವಿದ್ಯಾ ಗೊಣಗಿದಳು. ಭಾವನವರು ಹೋಗಿ ಚೌಕಟ್ಟಿನ ಒಂದು ಬಾಜು ಹಿಡಿದರು. ವಿದ್ಯಾ ಇನ್ನೊಂದು ಬಾಜು ಹಿಡಿಯಲೇಬೇಕಾಯಿತು. ಕೌದಿ ಹೊರಬಂತು, ನೆಲದ ಮೇಲೆ ಹಾಸಿದ್ದಾಯಿತು. ಅಕ್ಕ ನನ್ನ ಹೆಗಲು ಹಿಡಿದು, ನೋಯುವ ಮೊಣಕಾಲು ನೀಡಿ ಕೂತಳು. ಅವಳ ಬೆರಳು ಹೇಳದೆಯೇ ಸೊಟ್ಟ ಹೊಲಿಗೆಯ ಮೂಲೆಗೆ ಹೋಯಿತು.

ಇಷ್ಟು ವರ್ಷ ಕೇಳದೆ ಉಳಿದದ್ದನ್ನು ಅವತ್ತು ಕೇಳಿದೆ. 'ದಾರ ಪೋಣಸುವಾಗ ಆಯಿ ನಿನ್ನ ಕಿವ್ಯಾಗ ಏನ್ ಅಂದ್ರು?'

ಅಕ್ಕ ಭಾವನವರ ಕಡೆ ಒಮ್ಮೆ ನೋಡಿದಳು. ಅವರು ಆ ಮೆತ್ತನೆಯ ಸೋಫಾದ ಮೇಲೆ ಆಗಲೇ ತೂಕಡಿಸುತ್ತಿದ್ದರು.

'"ಹುಡುಗನ್ನ ನೋಡಿದೇನ? ನಿನಗ ಮನಸ ಐತಿ? ಇದ್ರ ಹೇಳು, ಮುಚ್ಚತೀನಿ. ಇಲ್ಲಂದ್ರ ಸೂಜಿ ಹಂಗ ಬಿಡ್ತೀನಿ, ಯಾರಿಗೂ ಏನೂ ಹೇಳಂಗಿಲ್ಲ" ಅಂದ್ರು' ಎಂದಳು ಅಕ್ಕ. 'ಅಷ್ಟು ಮಂದಿ ಬಂದು ನನ್ನ ನೋಡಿ ಹೋಗಿದ್ರಲ್ಲ, ನೀ ನೋಡಿದೇನು ಅಂತ ನನ್ನ ಕೇಳಿದಾಕಿ ಆಕಿ ಒಬ್ಬಾಕಿನೇ.'